ಅರ್ಧ ಗಂಟೆ ಬಾಳುವ ಅಳತೆ

ನಾನು ಕಳಿಸಿದ ಮೊದಲ ಅಳತೆಯನ್ನು ಉಸ್ತಾದರು ಕಸದ ಬುಟ್ಟಿಗೆ ಹಾಕಿದರು. ಹಾಕಿದ ಮೇಲೆ ಫೋನ್ ಮಾಡಿ, "ಒಗದೀನ್ರಿ" ಎಂದರು. ಕೇಳಿ ಒಗೆಯಲಿಲ್ಲ, ಒಗೆದು ಹೇಳಿದರು. ಗಂಗಾವತಿಯಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದು ಇನ್ನೂ ಮೂರು ವಾರ ಆಗಿರಲಿಲ್ಲ. ಐದು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಓದಿ ಬಂದ ಡಾಕ್ಟರು ನಾನು. ಅವರೋ, ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಒಂದೇ ಕೋಣೆಯ ಲ್ಯಾಬ್ ಇಟ್ಟುಕೊಂಡು ಡಾಕ್ಟರುಗಳಿಗೆ ಹಲ್ಲಿನ ಸೆಟ್ ಕಟ್ಟಿಕೊಡುವವರು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ್ರಿ? ಏನಾಗಿತ್ತು ಅದಕ್ಕ?"

"ಸತ್ತಿತ್ರಿ. ಸತ್ತದ್ದನ್ನ ಇಟಗೊಂಡು ಏನ್ ಮಾಡ್ಲಿ, ಡಾಕ್ಟ್ರ ಸಾಹೇಬ್ರ?"

ಅಳತೆ ಎಂದರೇನು ಎಂದು ಹೇಳಿಬಿಡುತ್ತೇನೆ. ಹಲ್ಲು ಕಟ್ಟಬೇಕಾದರೆ ಮೊದಲು ಬಾಯಿಯ ಅಚ್ಚು ಬೇಕು. ಆಲ್ಜಿನೇಟ್ ಎಂಬ ಪುಡಿಯನ್ನು ನೀರಲ್ಲಿ ಕಲಸಿ, ದವಡೆಯ ಆಕಾರದ ಟ್ರೇಯಲ್ಲಿ ತುಂಬಿ, ಬಾಯೊಳಗೆ ಒತ್ತಿ ಹಿಡಿಯುತ್ತೇವೆ. ಮೂರು ನಿಮಿಷದಲ್ಲಿ ಅದು ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. ಹೊರಗೆ ತೆಗೆದು ಅದರೊಳಗೆ ಪ್ಲಾಸ್ಟರ್ ಸುರಿದರೆ ರೋಗಿಯ ದವಡೆಯ ಪಡಿಯಚ್ಚು ಸಿಗುತ್ತದೆ, ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಆದರೆ ಆಲ್ಜಿನೇಟಿನಲ್ಲಿ ಬಹುಪಾಲು ಇರುವುದು ನೀರು. ನೀರು ಆರಿದರೆ ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಉಬ್ಬುತ್ತದೆ. ಅರ್ಧ ಗಂಟೆಯೊಳಗೆ ಪ್ಲಾಸ್ಟರ್ ಬೀಳಬೇಕು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದು ತಾಸು ತಡೆದೀತು ಎಂಬ ಧೈರ್ಯದ ಮೇಲೆ ಕೊಪ್ಪಳದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೆ. "ಭಾಳ ನಾಜೂಕಿನ ಸಾಮಾನೈತ್ರಿ, ಜ್ವಾಕಿ" ಎಂದೂ ಹೇಳಿದ್ದೆ.

ಹೇಳಿದ್ದೇ ತಪ್ಪಾಯಿತು. ಆ ಪುಣ್ಯಾತ್ಮ ಜನರ ಕಾಲಿಗೆ ಸಿಕ್ಕು ಜಜ್ಜಿ ಹೋಗಬಾರದೆಂದು, ಎಲ್ಲಕ್ಕಿಂತ ಭದ್ರವಾದ ಜಾಗ ನೋಡಿ, ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಇಟ್ಟಿದ್ದಾನೆ. ಮೇ ತಿಂಗಳು. ಕೊಪ್ಪಳ ಮುಟ್ಟುವ ಹೊತ್ತಿಗೆ ನನ್ನ ಅಳತೆ ಅರ್ಧ ಬೆಂದಿತ್ತು.

"ಇನ್ನ ಮ್ಯಾಲ ಪ್ಲಾಸ್ಟರ್ ನೀವ ಅಲ್ಲೇ ಹಾಕಿ ಕಳಸ್ರಿ" ಎಂದರು ಉಸ್ತಾದರು.

"ಪ್ಲಾಸ್ಟರ್ ಹಾಕೂದು ಲ್ಯಾಬಿನವ್ರ ಕೆಲಸ ಅಲ್ಲೇನ್ರಿ?"

"ಹೌದು. ಲ್ಯಾಬ್ ನಿಮ್ಮ ಕ್ಲಿನಿಕ್‌ನ್ಯಾಗ ಇದ್ದಿದ್ರ ನಾನ ಹಾಕತಿದ್ದೆ."

ಮುಂದಿನ ಭಾನುವಾರ ಅವರೇ ಬಸ್ಸು ಹತ್ತಿ ಬಂದರು. ನಾನು ಕರೆದಿರಲಿಲ್ಲ. ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್. ಊಟ ತಂದಿದ್ದಾರೆಂದುಕೊಂಡರೆ ಒಂದರಲ್ಲಿ ಪ್ಲಾಸ್ಟರ್, ಇನ್ನೊಂದರಲ್ಲಿ ಕಲಸುವ ರಬ್ಬರ್ ಬಟ್ಟಲು, ಮೂರನೆಯದರಲ್ಲಿ ಮಾತ್ರ ಎರಡು ರೊಟ್ಟಿ, ಪುಂಡಿಪಲ್ಯ. ಪ್ಲಾಸ್ಟರ್ ಹಾಕುವುದನ್ನು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಕಲಿತಿಲ್ಲ ಎಂಬುದು ಅವತ್ತು ಗೊತ್ತಾಯಿತು. ಒಂದು ಮೂಲೆಯಿಂದ ಹನಿಹನಿಯಾಗಿ ಇಳಿಸಬೇಕು, ಟ್ರೇಯನ್ನು ಅಂಗೈ ಮೇಲೆ ತಟ್ಟುತ್ತಲೇ ಇರಬೇಕು, ಗಾಳಿಗುಳ್ಳೆ ಎದ್ದು ಹೊರಗೆ ಹೋಗಬೇಕು. ನಾನು ಒಂದೇ ಸಲಕ್ಕೆ ಸುರಿದದ್ದು ನೋಡಿ, "ಏನ್ರಿ ಇದು, ಅಂಬಲಿ ಬಡಸಾಕತ್ತೀರಿ?" ಎಂದರು. ಸಂಜೆಯ ಹೊತ್ತಿಗೆ ಏಳನೆಯದು ಸರಿಬಂತು. "ಹಾಂ, ಬೇಟಿ" ಎಂದರು. ಅವತ್ತಿನಿಂದ ನನಗೆ ಲೆಕ್ಕ ಸಿಕ್ಕಿತು: ಕೆಲಸ ಸರಿ ಇದ್ದರೆ ಬೇಟಿ, ಕೆಟ್ಟರೆ ಡಾಕ್ಟ್ರ ಸಾಹೇಬ್ರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿನ ಬೋರ್ಡಿನ ಮೇಲೂ ಅವರು ಬರೆಸಿರಲಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಹಲ್ಲಿನ ಡಾಕ್ಟರುಗಳೆಲ್ಲ ಉಸ್ತಾದ್ ಎಂದೇ ಕರೆಯುತ್ತಿದ್ದರು. ಎತ್ತರದ, ಒಣಗಿದ ಮೈ. ದಾರ ಕಟ್ಟಿದ ಕನ್ನಡಕ. ಗಡ್ಡದಲ್ಲಿ ಪ್ಲಾಸ್ಟರಿನ ಧೂಳು ಕೂತು, ನರೆತದ್ದು ಎಷ್ಟು, ಧೂಳು ಎಷ್ಟು ಎಂದು ಹೇಳಲು ಬರುತ್ತಿರಲಿಲ್ಲ. ಅವರ ತಂದೆ ಗಾರೆ ಕೆಲಸದವರಂತೆ. ಹಳೆಯ ಮನೆಗಳ ಗೋಡೆಗೆ ಸುಣ್ಣದ ಗಾರೆ ತೀಡಿ ಕನ್ನಡಿ ಮಾಡುತ್ತಿದ್ದರಂತೆ. "ಅಬ್ಬಾ ಮನಿ ಗ್ವಾಡಿಗೆ ಹಚ್ಚಿದ್ರು, ನಾ ಮಂದಿ ಬಾಯಿಗೆ ಹಚ್ಚಿದೆ" ಎನ್ನುತ್ತಿದ್ದರು. ಹುಬ್ಬಳ್ಳಿಯಲ್ಲಿ ಯಾರದೋ ಲ್ಯಾಬಿನಲ್ಲಿ ಹತ್ತು ವರ್ಷ ದುಡಿದು, ಕೆಲಸ ಕೈಗೆ ಹತ್ತಿದ ಮೇಲೆ ಊರಿಗೆ ಬಂದು ಭಾಗ್ಯನಗರದಲ್ಲಿ ವಿಗ್ಗಿಗೆಂದು ಕೂದಲು ಬಿಡಿಸುವ ಶೆಡ್ಡಿನ ಪಕ್ಕ ಈ ಕೋಣೆ ಹಿಡಿದಿದ್ದರು.

ಲ್ಯಾಬಿಗೆ ಯಾರೇ ಹೋಗಲಿ, ಬಂದವರ ಮುಖ ನೋಡುವ ಮೊದಲು ತಂದ ಅಳತೆ ನೋಡುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುವರು. ಅಂಚನ್ನು ಉಗುರಿನಿಂದ ಒತ್ತಿ ಬಿಡುವರು. ಒತ್ತಿದ್ದು ಮರಳಿ ಮೇಲೆದ್ದರೆ ಸರಿ, ತಗ್ಗು ಉಳಿದರೆ ಮುಗಿಯಿತು. ಆಮೇಲೆ "ಬರ್ರಿ, ಕುಂದರ್ರಿ" ಎನ್ನುವರು. ಸಿಟ್ಟಿಗೇಳುವ ಡಾಕ್ಟರುಗಳಿದ್ದರು. "ಅವನೌನ, ನಮಗ ಮಾರ್ಕ್ಸ್ ಹಾಕ್ತಾನ ಇಂವ" ಎಂದು ಬೈದುಕೊಂಡೇ ಮತ್ತೆ ಅಲ್ಲಿಗೇ ಕಳಿಸುತ್ತಿದ್ದರು. ಅವರು ಕಟ್ಟಿದ ಸೆಟ್ ಬಾಯಲ್ಲಿ ಕೂತರೆ ರೋಗಿ ಮತ್ತೆ ದೂರು ಹೇಳಲು ಬರುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ಅವರ ಪಾಲಿಗೆ ಅಳತೆಯ ಸಾಮಾನುಗಳಲ್ಲಿ ಎರಡೇ ಜಾತಿ: ಕಚ್ಚಾ, ಪಕ್ಕಾ. ಆಲ್ಜಿನೇಟ್ ಕಚ್ಚಾ. ಸಿಲಿಕೋನ್ ಪಕ್ಕಾ. ಆದರೆ ಸಿಲಿಕೋನಿಗೆ ಆ ಹೆಸರು ಪುಕ್ಕಟೆ ಸಿಗಲಿಲ್ಲ. ಮೊದಲ ಸಲ ನಾನು ಸಿಲಿಕೋನ್ ತರಿಸಿ, ಅಳತೆ ತೆಗೆದು, ಜಂಬದಿಂದ ಒಯ್ದು ತೋರಿಸಿದಾಗ, "ಹದಿನೈದ ದಿನ ಇಟ್ರೂ ಇದಕ್ಕ ಏನೂ ಆಗಂಗಿಲ್ರಿ" ಎಂದೆ.

"ಯಾರ್ ಹೇಳ್ಯಾರ?"

"ಕಂಪನಿಯವ್ರು."

"ಕಂಪನಿಯವ್ರು ನಮ್ಮ ಮಾಳಗಿ ಮ್ಯಾಲ ಇಟ್ ನೋಡ್ಯಾರೇನು?"

ಉಸ್ತಾದರು ಇಟ್ಟು ನೋಡಿಯೇ ಬಿಟ್ಟರು. ಒಂದೇ ಪ್ಲಾಸ್ಟರ್ ದವಡೆಯ ಮೂರು ಅಳತೆ ತೆಗೆದರು: ಒಂದು ಆಲ್ಜಿನೇಟಿನದು, ಒಂದು ಬಿಸಿನೀರಲ್ಲಿ ಮೆತ್ತಗೆ ಮಾಡಿಕೊಳ್ಳುವ ಹಳೇ ಕಾಲದ ಕಂದು ಬಿಲ್ಲೆಯದು, ಒಂದು ನನ್ನ ಸಿಲಿಕೋನಿನದು. ಮೂರನ್ನೂ ಒಯ್ದು ಮನೆಯ ಮಾಳಿಗೆಯ ಬಿಸಿಲಿಗಿಟ್ಟರು. ಸಂಜೆಗೆ ಆಲ್ಜಿನೇಟ್ ಸುಕ್ಕುಗಟ್ಟಿ ಬಿರುಕುಬಿಟ್ಟು ಒಣ ಬದನೆಕಾಯಿ ಹೋಳಿನ ಹಾಗಾಗಿತ್ತು. ಕಂದು ಬಿಲ್ಲೆ ಬೆಲ್ಲದ ಹಾಗೆ ಕುಸಿದಿತ್ತು. ಸಿಲಿಕೋನ್ ಇಟ್ಟಂತೆಯೇ ಇತ್ತು. ಅದನ್ನು ಪೂರ್ತಿ ಹದಿನೈದು ದಿನ ಬಿಸಿಲಲ್ಲೇ ಬಿಟ್ಟು, ಆಮೇಲೆ ಪ್ಲಾಸ್ಟರ್ ಹಾಕಿ, ಕೈವಾರದಿಂದ ಹಲ್ಲು ಹಲ್ಲಿನ ನಡುವೆ ಅಳೆದು, ಮೂಲದ ದವಡೆಗೆ ಹೋಲಿಸಿದರು. ಅಷ್ಟೂ ದಿನ ಮಾಳಿಗೆಗೆ ಹೋದಾಗಲೆಲ್ಲ ಅವರ ಹೆಂಡತಿ ಮಾತ್ರ ಗೊಣಗುತ್ತಲೇ ಇದ್ದರು. ನನ್ನನ್ನು ಕಂಡಾಗ, "ನೋಡವಾ, ಎಲ್ಲಾರೂ ಮಾಳಗಿ ಮ್ಯಾಲ ಶ್ಯಾವಗಿ ಒಣಗಸ್ತಾರ, ಇವ್ರು ಹಲ್ಲ ಒಣಗಸ್ತಾರ" ಎಂದರು.

"ಪಕ್ಕಾ ಐತಿ" ಎಂದು ಉಸ್ತಾದರು ಒಪ್ಪಿಕೊಂಡರು. ಅಳತೆಯನ್ನು ಹಿಂಡಿದರು, ತಿರುಚಿದರು, ತೆಳ್ಳಗಿನ ಅಂಚನ್ನು ಹಿಡಿದು ಜಗ್ಗಿದರು, ಹರಿಯಲಿಲ್ಲ. ಆಮೇಲೆ ಒಂದು ಮಾತು ಸೇರಿಸಿದರು: "ಆದ್ರ ಬೇಟಿ, ಪಕ್ಕಾ ಐತಿ ಅಂತ ಎಲ್ಲಾ ಬಾಯಾಗೂ ತುಂಬಬ್ಯಾಡ. ಗಟ್ಟಿ ಸಾಮಾನು ಒಳಗ ಹೋಗಿದ್ದು ಹೊರಗೂ ಬರಬೇಕಲ್ಲ."

ಅಂದಾಜು ಎಂಬುದು ಅವರ ಕೋಣೆಯಲ್ಲಿ ಬೈಗುಳವಿದ್ದ ಹಾಗೆ. ಅಳತೆಯಲ್ಲಿ ಗುಳ್ಳೆ ಬಿದ್ದು ಹಲ್ಲಿನ ಮೂಲೆ ಮೂಡದಿದ್ದರೆ, ಸ್ವಲ್ಪ ಹರಿದಿದ್ದರೆ, ಬೇರೆ ಲ್ಯಾಬಿನವರು ಪ್ಲಾಸ್ಟರ್ ಮೇಲೆ ಮೇಣ ಹಚ್ಚಿ ಕೆತ್ತಿ ಸರಿಮಾಡುತ್ತಾರೆ. ಅವರು ಮಾಡುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. ಚಹಾ ಸಾಸರಿಗೆ ಸುರಿದುಕೊಂಡು ಹೇಳಿದರು. ಹೊಸದಾಗಿ ಲ್ಯಾಬ್ ಹಾಕಿದಾಗ ಕುಷ್ಟಗಿಯಿಂದ ಹರಿದ ಅಳತೆಯೊಂದು ಬಂದಿತ್ತಂತೆ. ಮುದುಕಿಯೊಬ್ಬಳದು. ಹರಿದ ಜಾಗವನ್ನು ಅಂದಾಜಿನಲ್ಲಿ ಕೆತ್ತಿ ಸೆಟ್ ಕಟ್ಟಿಕೊಟ್ಟರು. ಆರು ತಿಂಗಳಾದ ಮೇಲೆ ಆ ಮುದುಕಿ ವಿಳಾಸ ಕೇಳಿಕೊಂಡು ಲ್ಯಾಬಿಗೇ ಬಂದಳಂತೆ, ಮಡಿಲಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು.

"ಜಗಳಕ್ಕ ಬಂದ್ಲೇನ್ರಿ?"

"ಜಗಳಕ್ಕ ಬಂದಿದ್ರ ಛಲೋ ಇತ್ತವಾ. ಪುಣ್ಯ ಬರ್ಲಿ ಅನ್ನಾಕ ಬಂದಿದ್ಲು. ಬಾಯಿ ತಗಸಿ ನೋಡ್ತೀನಿ, ಒಸಡಿನ್ಯಾಗ ಬಟ್ಟು ಹೋಗೂವಷ್ಟು ಗಾಯ. ಯಾಕವಾ, ಹೇಳಲಿಲ್ಲ ಅಂದ್ರ, ಕಟ್ಟಿಸಿದ ಹಲ್ಲಂದ್ರ ಹಿಂಗ ಇರ್ತಾವಂತ ತಿಳಕೊಂಡಿದ್ದೆ ನನ್ನಪ್ಪಾ ಅಂದ್ಲು." ಸಾಸರ್ ಕೆಳಗಿಟ್ಟರು. "ಆ ಶೇಂಗಾ ನನಗ ನುಂಗಾಕ ಆಗಲಿಲ್ಲ."

ಇಷ್ಟು ಗೊತ್ತಿದ್ದೂ ಯಮನೂರಪ್ಪನ ವಿಷಯದಲ್ಲಿ ನಾನು ಅವರಿಗೆ ಅಂದಾಜು ಮಾಡಿ ಎಂದು ಹೇಳಿದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಯಮನೂರಪ್ಪ ಗಂಗಾವತಿಯ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಭತ್ತದ ಪೇಟೆ ಈಗ ಕಂಪ್ಯೂಟರಿಗೆ ಹೋಗಿದೆ. ತರಕಾರಿ ಇನ್ನೂ ಬಾಯಿಯ ಮೇಲೆಯೇ ನಡೆಯುತ್ತದೆ. ದಲಾಲಿ ಅಂಗಡಿಯ ಮುಂದೆ ಟೊಮೆಟೊ, ಬದನೆ, ಮೆಣಸಿನಕಾಯಿಯ ರಾಶಿಗಳ ನಡುವೆ ನಿಂತು ಅವನು ಕೂಗಿದರೆ ಬಸ್ ನಿಲ್ದಾಣದಲ್ಲಿ ಇದ್ದವರಿಗೂ ದರ ತಿಳಿಯುತ್ತಿತ್ತು ಎನ್ನುತ್ತಿದ್ದರು. ಇಪ್ಪತ್ತು ವರ್ಷ ಗುಟ್ಕಾ ಜಗಿದ. ಅಂಗುಳಿನಲ್ಲಿ ಕ್ಯಾನ್ಸರ್ ಗಂಟು ಎದ್ದಿತು. ದೊಡ್ಡಾಸ್ಪತ್ರೆಯಲ್ಲಿ ಮೇಲಿನ ದವಡೆಯ ಬಲಭಾಗವನ್ನೂ ಅಂಗುಳನ್ನೂ ತೆಗೆದರು. ಜೀವ ಉಳಿಯಿತು. ಆದರೆ ಬಾಯಿಗೂ ಮೂಗಿಗೂ ನಡುವಿನ ಗೋಡೆ ಹೋಗಿ, ಅಲ್ಲಿ ನಿಂಬೆಹಣ್ಣು ಹಿಡಿಸುವಷ್ಟು ತೂತು ಉಳಿಯಿತು. ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು. ಮಾತಾಡಿದರೆ ಗಾಳಿಯೆಲ್ಲ ಮೇಲಕ್ಕೆ ಹೋಗಿ, ಉದ್ದನೆಯ ಮೂಗಿನ ಸದ್ದೊಂದು ಹೊರಡುತ್ತಿತ್ತು, ಅಷ್ಟೇ. ಅವನ ಹೆಂಡತಿ ಹುಲಿಗೆಮ್ಮ ಪಕ್ಕದಲ್ಲಿ ಕೂತು, ಅವನ ಕೈಸನ್ನೆ ನೋಡಿ ನನಗೆ ತಿಳಿಸಿ ಹೇಳುತ್ತಿದ್ದಳು.

"ಅಂಗಡಿ ಸಾವ್ಕಾರ್ರು ದಸರಾ ತನಕ ನೋಡ್ತೀನಿ ಅಂದಾರ್ರಿ ಡಾಕ್ಟ್ರಮ್ಮಾರ. ಆಮ್ಯಾಲ ಬ್ಯಾರೇದವ್ರನ್ನ ನಿಲ್ಲಸ್ತಾರಂತ. ಇವ್ರಿಗೆ ಕೂಗೂದು ಬಿಟ್ರ ಮತ್ತೊಂದ್ ಬರಂಗಿಲ್ರಿ. ಮನ್ಯಾಗ ಸುಮ್ಮ ಕುಂತ್ರ ಈ ಮನಿಶ್ಯಾ ಉಳಿಯಂಗಿಲ್ರಿ."

ದಸರೆಗೆ ಐದು ವಾರವಿತ್ತು. ಇದಕ್ಕೆ ಉಪಾಯ ಒಂದು ಪ್ಲೇಟ್: ಹಲ್ಲೂ ಇರುವ, ತೂತನ್ನು ಬಿರಡೆಯ ಹಾಗೆ ಮುಚ್ಚುವ ಗುಬುಟೂ ಇರುವ ಪ್ಲೇಟ್. ಅದಕ್ಕೆ ಆ ತೂತಿನ ಒಳಗಿನ ಅಳತೆ ಬೇಕು. ಸಿಲಿಕೋನ್ ಹಾಕಿದರೆ ಒಳಗಿನ ಸಂದುಗೊಂದುಗಳಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡು ಹೊರಗೆ ಬರದೇ ಹೋಗಬಹುದು. ಗುಟ್ಕಾದಿಂದ ಬಿಗಿದ ಅವನ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಹಾಗಾಗಿ ಆಲ್ಜಿನೇಟೇ ಗತಿ. ಮೆತ್ತಗಿನದು, ಬಾಗಿ ಹೊರಗೆ ಬರುತ್ತದೆ, ಆದರೆ ಬಲವಿಲ್ಲದ್ದು. ಒಳಗಿನ ಆಳದ ಸಂದಿಗೆ ವ್ಯಾಸಲಿನ್ ಹಚ್ಚಿದ ಬಟ್ಟೆ ತುಂಬಿ, ಅದಕ್ಕೆ ದಾರ ಕಟ್ಟಿ ಹೊರಗೆ ಬಿಟ್ಟು, ಅಳತೆ ಒತ್ತಿದೆ.

ಅವನು ಒದ್ದಾಡತೊಡಗಿದ. ಕಣ್ಣಲ್ಲಿ ನೀರು. ಕಾಲು ಬಡಿದ. ಇನ್ನೂ ಒಂದು ನಿಮಿಷ ಬಿಡಬೇಕಿತ್ತು; ಬಿಡಲಿಲ್ಲ. ನೋವಾಗದಿರಲಿ ಎಂದು ಮೆಲ್ಲಗೆ, ತೀರಾ ಮೆಲ್ಲಗೆ ಎಳೆದೆ. ಗುಬುಟಿನ ಭಾಗ ಅರ್ಧಕ್ಕೆ ಹರಿದು ತೂತಿನಲ್ಲೇ ಉಳಿಯಿತು. ಚಿಮಟಿಗೆಯಿಂದ ಚೂರುಚೂರಾಗಿ ತೆಗೆಯುವಷ್ಟರಲ್ಲಿ ರಕ್ತ ಬಂತು. ಯಮನೂರಪ್ಪ ಕುರ್ಚಿಯಿಂದ ಎದ್ದು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ. ಇನ್ನೊಮ್ಮೆ ಇಲ್ಲ ಎಂದು ಹೇಳಲು ಹುಲಿಗೆಮ್ಮ ಬೇಕಾಗಲಿಲ್ಲ.

ಹರಿದದ್ದಕ್ಕೇ ಪ್ಲಾಸ್ಟರ್ ಹಾಕಿ, ಮಧ್ಯಾಹ್ನ ನಾನೇ ಭಾಗ್ಯನಗರಕ್ಕೆ ಒಯ್ದೆ. ಉಸ್ತಾದರು ಕಿಟಕಿಗೆ ಹಿಡಿದು ನೋಡಿದರು. ಬರ್ರಿ, ಕುಂದರ್ರಿ ಎನ್ನಲಿಲ್ಲ.

"ಇಷ್ಟರಾಗ ಮಾಡಿಕೊಡ್ರಿ" ಎಂದೆ. "ಉಳಿದದ್ದು ಮೇಣದಾಗ ಅಂದಾಜ ಮಾಡ್ರಿ. ಆಂವ ಮತ್ತ ಬಾಯಿ ತಗಿಯಂಗಿಲ್ಲ."

"ಎಲ್ಲೆ ಹರದೈತಿ ನೋಡೀರೇನು, ಡಾಕ್ಟ್ರ ಸಾಹೇಬ್ರ?"

"ಗುಬುಟಿನ ಹಿಂದ."

"ಅಲ್ಲೇ ಗಾಳಿ ಸೋರೂದು. ಇದರ ಮ್ಯಾಲ ಹಲ್ಲು ಕಟ್ಟಿಕೊಡ್ತೀನಿ, ಆಂವ ರೊಟ್ಟಿ ತಿಂತಾನ. ಮಾತು ಮಾತ್ರ ಬರಂಗಿಲ್ಲ. ರೊಟ್ಟಿ ಸಾಕಂದ್ರ ಹೇಳ್ರಿ."

ನನಗೆ ತಡೆಯಲಾಗಲಿಲ್ಲ. "ನಿಮಗೇನ್ರಿ, ಇಲ್ಲೆ ಕುಂತು ಮಾತಾಡ್ತೀರಿ. ಅಲ್ಲೆ ರಕ್ತ ನೋಡಿದಾಕಿ ನಾನು!" ಎಂದು ಚೀರಿದೆ. ಪಕ್ಕದ ಶೆಡ್ಡಿನ ಹೆಂಗಸರು ಕೂದಲು ಬಿಡಿಸುವುದನ್ನು ಬಿಟ್ಟು ಇಣುಕಿದರು.

ಉಸ್ತಾದರು ಸಿಟ್ಟಾಗಲಿಲ್ಲ. "ಮೆಲ್ಲಕ ಎಳದಿರೇನು?" ಎಂದರು.

"ಹೂಂನ್ರಿ, ನೋವಾಗಬಾರದಂತ" ಎಂದೆ.

"ಅಲ್ಲೇ ತಪ್ಪಾತು. ಈ ಕಚ್ಚಾ ಸಾಮಾನು ಮೆಲ್ಲಕ ಎಳದ್ರ ಹರೀತೈತಿ. ಪೂರಾ ಕಾದು, ಝಟಕ್ ಅಂತ ಒಂದ ಸಲಕ್ಕ ಕಿತ್ತಬೇಕು, ಆವಾಗ ತಡೀತೈತಿ. ನೋವು ಒಂದ ಕ್ಷಣ. ನೀವು ಪಾಪ ಅಂದ್ರಿ, ಅದಕ್ಕ ಆಂವಗ ಎರಡ ಸಲ ನೋವಾತು."

ಇದನ್ನೂ ಪುಸ್ತಕದಲ್ಲಿ ಓದಿದ್ದೆ. ಬಾಯ ಮುಂದೆ ನಿಂತಾಗ ನೆನಪಾಗಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಉಸ್ತಾದರು ಟಿಫಿನ್ ಕ್ಯಾರಿಯರ್ ಹಿಡಿದು ಗಂಗಾವತಿಯಲ್ಲಿ ಇಳಿದರು. ಕ್ಲಿನಿಕ್ಕಿಗೆ ಬರಲಿಲ್ಲ, ನೇರ ಯಮನೂರಪ್ಪನ ಮನೆಗೆ ಹೋದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಹುಲಿಗೆಮ್ಮ ಆಮೇಲೆ ಹೇಳಿದ್ದು ಇಷ್ಟು: ಎರಡು ಸಲ ಚಹಾ ಕುಡಿದರಂತೆ, ಕೊನೆಗೆ, "ಹರಾಜು ಹೆಂಗ ಮುಗಸ್ತೀಯಪಾ ನೀನು?" ಎಂದು ಕೇಳಿದರಂತೆ. ಯಮನೂರಪ್ಪ ಮೂರು ಬೆರಳು ತೋರಿಸಿದನಂತೆ. ವಾರ ಕಳೆದು ಗಾಯ ಮಾಯ್ದ ಮೇಲೆ ಇಬ್ಬರೂ ಒಟ್ಟಿಗೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದರು.

ನಾನು ಅಳತೆ ಒತ್ತಿದೆ. ಉಸ್ತಾದರು ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತು, ಅವನ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡರು. ಅವನು ಒದ್ದಾಡಿದ. "ಗಡಬಡ ಬ್ಯಾಡ. ಮಾಲು ನಿಂದ, ಹರಾಜು ನಿಂದ. ಇನ್ನೂ ದರ ಬಂದಿಲ್ಲ" ಎಂದರು. ಕೀಳಲೆಂದು ನಾನು ಆಗಲೇ ಟ್ರೇಯ ಹಿಡಿಯನ್ನು ಬಿಗಿಹಿಡಿದಿದ್ದೆ. ನನ್ನ ಕಡೆ ನೋಡದೆಯೇ, "ಸಾಹೇಬ್ರಿಗೂ ಹೇಳಾಕತ್ತೀನಿ" ಎಂದರು. ಟ್ರೇಯಿಂದ ಹೊರಗೆ ಬಂದ ಸಾಮಾನನ್ನು ಉಗುರಿನಿಂದ ಒತ್ತಿ ನೋಡಿದರು. ಮತ್ತೆ ಕಾದರು. ಮತ್ತೆ ಒತ್ತಿದರು. ಅಷ್ಟು ಉದ್ದನೆಯ ನಿಮಿಷವನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಕೊನೆಗೆ ಅವನ ಅಂಗೈ ಮೇಲೆ ಬೆರಳು ಕುಟ್ಟುತ್ತ, ಮಾರುಕಟ್ಟೆಯ ರಾಗದಲ್ಲಿ ಕೂಗಿದರು:

"ಒಂದ್ ಸಲ... ಎರಡ್ ಸಲ... ಮೂರ್ ಸಲ!"

ಕಿತ್ತೆ. ಝಟಕ್ಕನೆ, ಒಂದೇ ಸಲಕ್ಕೆ. ಯಮನೂರಪ್ಪ ಕುರ್ಚಿಯಲ್ಲಿ ಜಿಗಿದ. ಟ್ರೇ ನನ್ನ ಕೈಯಲ್ಲಿತ್ತು, ಗುಬುಟು ಇಡಿಯಾಗಿ ಬಂದಿತ್ತು, ಒಂದು ಚೂರೂ ಒಳಗೆ ಉಳಿದಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ, ಡಾಕ್ಟರು ಅನ್ನುವುದನ್ನೂ ಮರೆತು. ಉಸ್ತಾದರು ಮಾತ್ರ ಆಗಲೇ ಟಿಫಿನ್ ಡಬ್ಬಿ ಬಿಚ್ಚಿ ಪ್ಲಾಸ್ಟರ್ ಕಲಸುತ್ತಿದ್ದರು. "ಅಳೂದು ಆಮ್ಯಾಲ, ಬೇಟಿ. ಇದರ ಜೀವ ಅರ್ಧ ತಾಸು."

ದಸರೆಗೆ ಹನ್ನೊಂದು ದಿನ ಮೊದಲು ಪ್ಲೇಟ್ ಕೂಡಿಸಿದೆವು. ಊಟದ ನಂತರ ತೊಳೆಯಬೇಕು, ಮಲಗುವಾಗ ತೆಗೆದು ನೀರಲ್ಲಿ ಹಾಕಬೇಕು ಎಂದು ಹುಲಿಗೆಮ್ಮನಿಗೆ ನಾನು ಹೇಳುತ್ತಿದ್ದರೆ, ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಯಮನೂರಪ್ಪ ಬಾಯಿ ಮುಚ್ಚಿ ತೆಗೆದು, ನಾಲಗೆಯನ್ನು ಅಂಗುಳಿಗೆ ತಾಗಿಸಿ ನೋಡಿಕೊಂಡು, "ಹುಲಿಗೀ" ಎಂದ. ಆರು ತಿಂಗಳಾದ ಮೇಲೆ ಅವಳ ಹೆಸರು ಅವನ ಬಾಯಿಂದ ಬಂದಿತ್ತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, "ಏನ್ ಒದರ್ತೀರಿ, ಇಲ್ಲೇ ಅದೀನಿ" ಎಂದಳು.

ಸಾವುಕಾರರು ಒಂದು ಬೆಳಿಗ್ಗೆ ಪರೀಕ್ಷೆಗೆ ನಿಲ್ಲಿಸಿದರು. ಅವತ್ತು ಉಸ್ತಾದರೂ ಹೋಗಿದ್ದರು, ನಾನೂ ಹೋಗಿದ್ದೆ. ಹಮಾಲರು, ಚೀಲ, ಕೊಳೆತ ಸೊಪ್ಪು, ಗದ್ದಲ. ಯಮನೂರಪ್ಪ ಬದನೆಕಾಯಿ ರಾಶಿಯ ಪಕ್ಕದ ಕಟ್ಟೆ ಹತ್ತಿ ಕೂಗಿದ. ಮೊದಲಿನ ಗಂಟಲಲ್ಲ, ಸ್ವಲ್ಪ ಒಡೆದಿತ್ತು, ಆದರೆ ಮಾತು ಮಾತಾಗಿತ್ತು. ವ್ಯಾಪಾರಿಗಳು ದರ ಏರಿಸಿದರು. ಮೂರು ಸಲ ಆಗಿ ಮಾಲು ಹೋಯಿತು. ಹಮಾಲರು ಶಿಳ್ಳೆ ಹೊಡೆದರು. ಸಾವುಕಾರರು, "ನಾಳಿಂದ ಬಾರಪಾ" ಎಂದರು. ನಾನು ಖುಷಿಯಲ್ಲಿ ತಿರುಗಿ ಉಸ್ತಾದರ ಮುಖ ನೋಡಿದರೆ, ಅವರು ಕಣ್ಣು ಮುಚ್ಚಿ ಕಿವಿ ಅತ್ತ ಮಾಡಿ ನಿಂತಿದ್ದರು.

"ಏನಾತ್ರಿ?"

"ಗಾಳಿ ಒಂದ ಸಣ್ಣ ಎಳಿ ಸೋರಾಕತ್ತೈತಿ. ಸಂಜಿಕಿ ಪ್ಲೇಟ್ ಕಳಸ್ರಿ."

ಆಮೇಲೂ ಅವರು ಬಿಡಲಿಲ್ಲ. ಪ್ರತಿ ಸೋಮವಾರ ಮಾರುಕಟ್ಟೆ ಮುಗಿಯುವ ಹೊತ್ತಿಗೆ ಯಮನೂರಪ್ಪನಿಗೆ ಫೋನ್ ಮಾಡುತ್ತಿದ್ದರು. ಮಾತಾಡಲಿಕ್ಕಲ್ಲ, ಕೇಳಲಿಕ್ಕೆ. "ಇವತ್ತಿನ ದರ ಹೇಳಪಾ" ಎನ್ನುವರು. ಅವನು ಟೊಮೆಟೊದಿಂದ ಹಿಡಿದು ಕೊತ್ತಂಬರಿವರೆಗೆ ಎಲ್ಲ ಹೇಳುವನು. ಇವರು ಒಂದೂ ಕಾಯಿಪಲ್ಯ ಕೊಳ್ಳುವವರಲ್ಲ. ಅವನ ಸದ್ದಿನಲ್ಲಿ ಪ್ಲೇಟ್ ಸಡಿಲಾಗಿದೆಯೋ ಬಿಗಿಯಾಗಿದೆಯೋ ಅಂದಾಜಿಲ್ಲದೆ ಹೇಳುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು. ನಡುವೆ ಎರಡು ಸಲ ಅವನನ್ನು ಕರೆಸಿ ಗುಬುಟು ತಿದ್ದಿದರು. ತಮ್ಮ ಎದೆನೋವಿನ ವಿಷಯ ಯಾರಿಗೂ ಹೇಳಿರಲಿಲ್ಲ.

ಹೋದ ಮಳೆಗಾಲದ ಒಂದು ಬೆಳಿಗ್ಗೆ, ಇನ್ನೂ ಚಹಾಕ್ಕೆ ಇಟ್ಟಿರಲಿಲ್ಲ, ಯಮನೂರಪ್ಪನ ನಂಬರಿನಿಂದ ಫೋನ್ ಬಂತು. ಎತ್ತಿದರೆ, ಮೂಗಿನಿಂದ ಬರುವ ಆ ಉದ್ದನೆಯ ಸದ್ದು. ಮೊದಲ ದಿನ ಕೇಳಿದಂಥದ್ದೇ. ಒಂದು ಅಕ್ಷರವೂ ತಿಳಿಯಲಿಲ್ಲ. ಹಾಸಿಗೆಯಿಂದ ಎದ್ದವನೇ ಫೋನ್ ಮಾಡಿದ್ದಾನೆ, ಪ್ಲೇಟ್ ಇನ್ನೂ ನೀರಲ್ಲಿದೆ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಯಮನೂರಪ್ಪಾ, ಪ್ಲೇಟ್ ಹಾಕ್ಕೋರಿ" ಎಂದು ಎರಡು ಸಲ ಹೇಳಿದೆ. ಫೋನ್ ಕೆಳಗಿಟ್ಟ ಸದ್ದು. ಬಟ್ಟಲಿನಲ್ಲಿ ನೀರು ಕಲಕಿದ ಸದ್ದು. ಬಿಕ್ಕುವ ಸದ್ದು. ಆಮೇಲೆ ಮಾತು ಬಂತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಎಲ್ಲೂ ಒಂದೆಳೆ ಗಾಳಿ ಸೋರದೆ.

"ಅವರ ಮಗಾ ಈಗ ಫೋನ್ ಮಾಡಿದ್ದಾ. ಉಸ್ತಾದರು ಹೋಗಿಬಿಟ್ರು ಡಾಕ್ಟ್ರಮ್ಮಾರ. ಈಗ ತಿಳೀತೇನ್ರಿ?"

"ತಿಳೀತು" ಎಂದೆ.